ಬಾವಿಗೆ ಬಿಟ್ಟ ಜೀವಗಳು

ಕಾಜಲ ಮಾಳಿಗೆ ಹತ್ತಿದಾಗ ಗಾಜಿನ ಜಾಡಿಗಳೆಲ್ಲ ಬೋರಲಾಗಿದ್ದವು. ಯಾರೋ ತಿಕ್ಕಿ ತೊಳೆದು, ಹಬ್ಬದ ಮರುದಿನ ದೊಡ್ಡ ಪಾತ್ರೆಗಳನ್ನು ಬಿಸಿಲಿಗಿಡುವಂತೆ ಗೋಡೆಗುಂಟ ಸಾಲಾಗಿ ಇಟ್ಟಿದ್ದರು. ಒಂದರಲ್ಲೂ ಹಸಿರಿನ ಸುಳಿವಿಲ್ಲ. ಗಾಳಿ ಊದುವ ಪುಟ್ಟ ಪಂಪನ್ನು ಮಾತ್ರ ಯಾರೂ ಆರಿಸಿರಲಿಲ್ಲ. ಅದು ಸುಮ್ಮನೆ ಗುರ್ರೆನ್ನುತ್ತಿತ್ತು.

ಅವಳ ಕಂಕುಳಲ್ಲಿ ಥರ್ಮಾಕೋಲಿನ ಡಬ್ಬಿಯಿತ್ತು. ಜಾಡಿಗಳಲ್ಲಿದ್ದ ಹಸಿರು ನೀರನ್ನು ನಾಳೆ ವಿಶ್ವವಿದ್ಯಾಲಯಕ್ಕೆ ಒಯ್ಯಲೆಂದೇ ರಾಯಬಾಗದಿಂದ ತಂದ ಡಬ್ಬಿ. ಅದನ್ನು ಕೆಳಗಿಡುವುದೂ ಮರೆತು ನಿಂತಳು. ನಾಳೆ... ಒಂದೇ ಒಂದು ದಿನ.

ಆ ನೀರೇ ಅವಳ ಪಿಎಚ್.ಡಿ. ಬಿಸಿಲು ಕುಡಿದು, ಗಾಳಿಯ ಇಂಗಾಲ ತಿಂದು ಬದುಕುವ ಸೂಕ್ಷ್ಮಜೀವಿಗಳು. ನಾವು ಮೈಯಲ್ಲಿ ಕೊಬ್ಬು ಕೂಡಿಸುವ ಹಾಗೆ ಅವು ತಮ್ಮೊಳಗೆ ಪ್ಲಾಸ್ಟಿಕ್ಕಿನಂಥ ವಸ್ತುವನ್ನು ಕೂಡಿಸುತ್ತವೆ. ಮಣ್ಣಿಗೆ ಬಿದ್ದರೆ ಮಣ್ಣಾಗುವ ಪ್ಲಾಸ್ಟಿಕ್ಕು. ನೆಲದ ಎಣ್ಣೆ ಬೇಡ, ಹೊಗೆ ಬೇಡ. ಮಾವ ಜಿನ್ನಪ್ಪನ ಹೊಲದಲ್ಲಿ ಕಬ್ಬಿಗೆ ನೀರು ಹೆಚ್ಚಾಗಿ ಸವಳು ಹಿಡಿದ ತುಣುಕಿತ್ತಲ್ಲ, ಅಲ್ಲಿಯ ಉಪ್ಪುನೀರಿನ ಹೊಂಡದಲ್ಲಿ ಅವಳಿಗೆ ಅವು ಸಿಕ್ಕಿದ್ದವು. ತಮ್ಮೂರು ಉಗಾರ ಬುದ್ರುಕದ ಉರಿಬಿಸಿಲಿಗೆ ತಡೆಯುವಂಥವನ್ನು ಆರಿಸಿ, ಬೆಳೆಸಿ, ಮತ್ತೆ ಆರಿಸಿ ಮದುವೆಯಾದಂದಿನಿಂದ ಸಾಕಿದ್ದಳು. ಆ ಹೊಂಡವೂ ಈಗಿಲ್ಲ. ಬಸಿಗಾಲುವೆ ತೋಡಿದ ಮೇಲೆ ಒಣಗಿಹೋಗಿದೆ.

ಹೊಂಡದ ವಿಷಯವನ್ನು ಅವಳು ಅತ್ತೆ ಸೋನಾಬಾಯಿಗೆ ಹೇಳಿರಲಿಲ್ಲ. ಸೋನಾಬಾಯಿ ಸೋಸದ ನೀರನ್ನು ಮುಟ್ಟುವವಳಲ್ಲ. ಬೆಳಿಗ್ಗೆ ಬಾವಿಯ ನೀರು ಸೇದಿ ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಅಂಟಿದ ಕಾಣದ ಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಡುವವಳು. ಮೇಲಿಂದ ಸುರಿದರೆ ಅವಕ್ಕೆ ಪೆಟ್ಟಾದೀತೆಂದು, ತಳಕ್ಕೆ ಕೊಂಡಿಯಿರುವ ಕೊಡವನ್ನು ನೀರಿನವರೆಗೂ ಇಳಿಸಿ ಮೆಲ್ಲಗೆ ಮಗುಚುವವಳು. ಎಲ್ಲಿಯ ಜೀವ ಅಲ್ಲಿಗೇ ಹೋಗಬೇಕು, ಜೈನಳಾದ ಅವಳಿಗೆ ಅದೇ ಧರ್ಮ. ಅಂಥವಳ ಮನೆಗೆ ಹೊಲಸು ಹೊಂಡದ ನೀರನ್ನು ತರುವುದೆಂತು? "ನಮ್ಮ ಬಾವಿ ಪಾಚಿನರಿ ಅತ್ತಿ" ಎಂದುಬಿಟ್ಟಿದ್ದಳು ಕಾಜಲ. ಸಣ್ಣ ಸುಳ್ಳು. ಯಾರಿಗೇನು ನಷ್ಟ ಅಂದುಕೊಂಡಿದ್ದಳು!

ನಿನ್ನೆ ಪಾಲಬಾವಿಯಿಂದ ಸೋನಾಬಾಯಿಯ ನಾದಿನಿ ಗೌರಾಬಾಯಿ ಬಂದಿದ್ದಳು. ಚಹಾ ಕುಡಿಯುತ್ತ ಕೇಳಿದಳು, "ಅಲ್ಲಬೇ ಕಾಜಲ, ಅದರಾಗಿನ ಮಾಲು ಹೆಂಗ ತಗೀತಿ?"

"ಒಡದು ತಗೀಬೇಕ್ರಿ ಅತ್ತಿ. ಆಮ್ಯಾಲ ಅವು ಉಳಿಯೂದಿಲ್ಲ."

ಗೌರಾಬಾಯಿ ಚಹಾದ ಬಸಿಯನ್ನು ಟಪ್ಪೆಂದು ಇಟ್ಟಳು. "ಕೇಳಿದೇನ ವೈನಿ? ನೀ ಇರುವಿ ತುಳದೀತಂತ ನೋಡಿ ನೋಡಿ ಕಾಲಿಡತಿ. ನಿನ್ನ ಸೊಸಿ ನಿನ್ನ ತಲಿ ಮ್ಯಾಲೇ ಕಸಾಯಿ ಅಂಗಡಿ ಇಟ್ಟಾಳ."

"ಮೆಂತ್ಯಾ ಕೊಯ್ಯೂದಿಲ್ಲೇನ್ರಿ ನಾವು?" ಎಂದಳು ಕಾಜಲ. ಸೋನಾಬಾಯಿ ತಲೆಯೆತ್ತಿ ಮಾಳಿಗೆಯ ಕಡೆ ನೋಡಿದಳು.

ಇಂದು ಚತುರ್ದಶಿ, ಸೋನಾಬಾಯಿಗೆ ಉಪವಾಸ. ಕಾಜಲ ಕೆಳಗಿಳಿದು ಬಂದಾಗ ಅವಳು ಬಾವಿಕಟ್ಟೆಯ ಮೇಲೆ ಕೂತಿದ್ದಳು. ಅಂಗೈ ಹಗ್ಗ ಜಗ್ಗಿ ಕೆಂಪಾಗಿತ್ತು.

"ಅವನ್ನ ಅವುಗಳ ಮನಿಗೆ ಮುಟ್ಟಿಸೀನಿ" ಎಂದಳು, ತಲೆ ಎತ್ತದೆ. "ಕೊಂಡಿ ಕೊಡದಾಗ ಇಳಿಸೀನಿ. ಒಂದ ಹನಿ ಸಿಡದಿಲ್ಲ. ನಿನ್ನ ಓದಿಗೆ ನಾ ಎಂದೂ ಅಡ್ಡ ಬಂದಿಲ್ಲ ಕಾಜಲ. ಆದ್ರ ನನ್ನ ಮನ್ಯಾಗ ಹತ್ಯಾ ಬ್ಯಾಡ."

ಹೊಲದಿಂದ ಬಂದ ಗಂಡ ಸುಜಯ ಇದನ್ನು ಕೇಳಿ ಮೋಟಾರು ಸೈಕಲ್ಲಿನ ಚಾವಿಯನ್ನು ಗೋಡೆಗೆ ಒಗೆದ. "ಅವ್ವಾ, ಇನ್ನ ಎರಡು ತಿಂಗಳದಾಗ ಅಕಿ ಪ್ರಬಂಧ ಕೊಡಬೇಕಿತ್ತು. ಕೊಡದಿದ್ರ ಅಕಿ ಹೆಸರ ತಗದಹಾಕತಾರ!" ಮತ್ತೆ ಹೆಂಡತಿಯ ಕಡೆ ತಿರುಗಿದ. "ಪಂಪ್ ಹಚ್ಚತೀನಿ. ಬಾವಿ ನೀರೆಲ್ಲಾ ಎತ್ತಿ ಸೋಸೂಣು."

ಕಾಜಲ ಅವನನ್ನು ಮೆಟ್ಟಿಲ ಮರೆಗೆ ಎಳೆದೊಯ್ದಳು. "ಅವು ಬಾವಿಯವಲ್ಲ. ಸವಳು ಹೊಂಡದವು. ಉಪ್ಪಿನ್ಯಾಗ ಹುಟ್ಟಿ ಬೆಳದಾವ. ಸೀನೀರಿಗೆ ಬಿದ್ರ ಮೈಯೊಳಗ ನೀರು ನುಗ್ಗಿ ಒಡೀತಾವ. ಮುಗದೈತಿ."

ಸುಜಯನ ಮುಖ ಕಪ್ಪಿಟ್ಟಿತು. ಅವಳು ತಡೆಯುವುದರೊಳಗೆ ಅಂಗಳಕ್ಕೆ ಬಂದು ಅಂದೇಬಿಟ್ಟ, "ಅವ್ವಾ, ಕೊಂದಾಕಿ ಇಕಿ ಅಲ್ಲ, ನೀನ..."

ಕಾಜಲ ಅವನ ಬಾಯಿಗೆ ಕೈ ಅಡ್ಡ ಇಟ್ಟಳು. ಆದರೆ ಮಾತು ಹೋಗಿ ಮುಟ್ಟಬೇಕಾದಲ್ಲಿ ಮುಟ್ಟಿತ್ತು.

ಸಂಜೆ ತನ್ನ ಪಿಎಚ್.ಡಿ. ಗುರುಗಳಿಗೆ ಫೋನು ಮಾಡಿದಳು. "ಮತ್ತೆ ಬೆಳೆಸಲು ವರ್ಷಗಳೇ ಬೇಕು, ಕಾಜಲ. ಅಷ್ಟು ಕಾಲ ನೋಂದಣಿ ಉಳಿಸುವುದು ನನ್ನ ಕೈಯಲ್ಲಿಲ್ಲ" ಎಂದರು. ಒಂದು ಪಾಲನ್ನು ಬೇರೆ ಕಡೆ ತೆಗೆದಿಡಬೇಕಿತ್ತೆಂದು ಅವರು ಬೈಯಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಬೆಳಗಾದರೂ ಸೋನಾಬಾಯಿ ಉಪವಾಸ ಬಿಡಲಿಲ್ಲ. ಸಕ್ಕರೆ ಕಾಯಿಲೆಯ ಹೆಂಗಸು. ತುಟಿ ಒಣಗಿ ಬಿಳಿಚಿಕೊಂಡಿತ್ತು. ಜಿನ್ನಪ್ಪ ಲೋಟ ಹಿಡಿದು ಮುಂದೆ ಕೂತಿದ್ದ. "ಒಂದ ಗುಟುಕರೆ ಕುಡಿಯೇ ಮಾರಾಯ್ತಿ" ಎಂದು ಅಂಗಲಾಚುತ್ತಿದ್ದ.

"ಅವು ಸತ್ತಿದ್ರ ನನಗೂ ಅನ್ನ ನೀರು ಬ್ಯಾಡ್ರಿ. ಹುಟ್ಟಿ ಬುದ್ಧಿ ಬಂದಾಗಿಂದ ಸೋಸಿದಾಕಿ ನಾ... ಕಡೀಕ ನನ್ನ ಕೈಯಿಂದನ..." ಸೋನಾಬಾಯಿಯ ದನಿ ಒಡೆಯಿತು. ಸೊಸೆಯನ್ನು ನೋಡಿದಳು. "ನಿನ್ನ ದುರ್ಬೀನು ತಾ. ನೋಡಿ ಖರೇ ಹೇಳು. ನಿನ್ನ ಗಂಡಂದು ನಾ ನಂಬೂದಿಲ್ಲ, ನಿಂದು ನಂಬತೀನಿ."

ಕಾಜಲ ಸೂಕ್ಷ್ಮದರ್ಶಕವನ್ನು ತಂದು ಕಟ್ಟೆಯ ಮೇಲಿಟ್ಟಳು. ಬಾವಿಯ ನೀರು ಸೋಸಿದ ಬಟ್ಟೆಯಿಂದ ಒಂದು ಹನಿ ಹಿಂಡಿ ಕಣ್ಣಿಟ್ಟಳು. ಅಲ್ಲಿದ್ದವು ಅವಳವು... ಅವಳು ಹೆಸರು ಹಿಡಿದು ಕರೆಯಬಲ್ಲಷ್ಟು ಗುರುತಿನವು. ಒಡೆದ ಸಿಪ್ಪೆಗಳು. ಹಸಿರು ಸೋರಿಹೋಗಿ ಗಾಜಿನ ಚೂರಿನಂತೆ ಬಿದ್ದಿದ್ದವು.

ಸುಜಯ ಬಾಗಿಲಲ್ಲಿ ನಿಂತಿದ್ದ. ಹೇಳು, ಹೇಳಿಬಿಡು ಎನ್ನುತ್ತಿತ್ತು ಅವನ ಮುಖ. ಅವಳ ಎದೆಯಲ್ಲೂ ಅದೇ ಕುದಿಯುತ್ತಿತ್ತು. ನೀವೇ ಕೊಂದಿರಿ ಎಂದು ಒಂದೇ ಮಾತು ಅಂದರೆ ಸಾಕಿತ್ತು. ಆದರೆ ಬಾವಿಯವು ಎಂದು ಹೇಳಿದವರು ಯಾರು?

ಅವಳು ಗಾಜಿನ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿದಳು. ಬಾವಿಯದೇ ಯಾವುದೋ ಒಂದು ಹುಳು ಬಾಲ ಬಡಿಯುತ್ತ ಕಣ್ಣಿಗೆ ಬಿತ್ತು.

"ಬರ್ರಿ ಅತ್ತಿ, ನೀವ ನೋಡ್ರಿ."

ಸೋನಾಬಾಯಿ ಒಂದು ಕಣ್ಣು ಮುಚ್ಚಿ ಬಾಗಿದಳು. "ಈಸಾಡಾಕತ್ತೈತಿ" ಎಂದಳು ಮೆಲ್ಲಗೆ. "ಇದು ನಿಂದೇನ?"

"ನಂದರಿ."

ಸೋನಾಬಾಯಿ ಗೋಡೆಗೆ ಒರಗಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಜಿನ್ನಪ್ಪನ ಕೈಯಿಂದ ಲೋಟ ಇಸಿದುಕೊಂಡು ನೀರು ಕುಡಿದಳು. ಕುಡಿದು ಬಾಯಿ ಒರೆಸಿಕೊಂಡು, "ಬದುಕ್ಯಾವಲ್ಲ, ಮತ್ತ ಸೇದಿ ಬೆಳಸು. ಒಡೀದಂಗ ಹೆಂಗರ ತಗಿಯಾಕ ಬರತೈತೇನು ನೋಡು" ಎಂದಳು.

"ಬಿಡ್ರಿ ಅತ್ತಿ. ತಮ್ಮ ಮನ್ಯಾಗ ಅದಾವ, ಇರಲಿ."

ಸುಜಯ ಮುಖ ತಿರುಗಿಸಿ ಹೊರಗೆ ಹೋದ.

ಎರಡು ತಿಂಗಳು ಕಳೆದು ಕಾಜಲಳ ಹೆಸರು ವಿಶ್ವವಿದ್ಯಾಲಯದಿಂದ ಹೋಯಿತು. ಜಾಡಿಗಳಲ್ಲಿ ಈಗ ಮಾವಿನ ಉಪ್ಪಿನಕಾಯಿ ಇದೆ. ಬೆಳಿಗ್ಗೆ ಸೊಸೆ ನೀರು ಸೇದುತ್ತಾಳೆ, ಅತ್ತೆ ಸೋಸುತ್ತಾಳೆ. ಬಟ್ಟೆಯನ್ನು ಕೊಡದಲ್ಲಿ ಅದ್ದುವ ಮೊದಲು ಸೋನಾಬಾಯಿ ಅದನ್ನು ಬೆಳಕಿಗೆ ಹಿಡಿದು ತಪ್ಪದೆ ಕೇಳುತ್ತಾಳೆ, "ನಿನ್ನವು ಆರಾಮ ಅದಾವಿಲ್ಲೋ?"

"ಅದಾವ್ರಿ ಅತ್ತಿ" ಎನ್ನುತ್ತಾಳೆ ಕಾಜಲ. ಕೊಂಡಿಯ ಕೊಡವನ್ನು ಒಂದು ಹನಿಯೂ ಸಿಡಿಯದಂತೆ ಮೆಲ್ಲಗೆ ಕೆಳಗಿಳಿಸುತ್ತಾಳೆ.