ದಾಸಪ್ಪ ಆರಿಸಿದ ಕ್ಯಾಮೆರಾ

ಗುಲಾಮ್ ರಸೂಲ್ ಸಾಹೇಬರು ಕಾಫಿ ಲೋಟವನ್ನು ಮುಟ್ಟಲೇ ಇಲ್ಲ. ಅದು ಅವರ ಮುಂದೆ ಕೆನೆಗಟ್ಟುತ್ತಾ ಕೂತಿತ್ತು.

"ಮೇಡಂ, ನಾಳೆ ಹನ್ನೊಂದಕ್ಕೆ ನನ್ ಮಗನ್ನ ಕೋರ್ಟಿಗೆ ಕರ್ಕೊಂಡೋಗ್ತಾರಂತೆ. ಕೊಲೆ ಕೇಸು. ಇಂಜೆಕ್ಷನ್ ಸೂಜಿ ನೋಡಿದ್ರೆ ತಲೆ ತಿರುಗಿ ಬೀಳೋನು ಮೇಡಂ ನಮ್ ವಾಜಿದ್, ಅವನು ದಾಸಪ್ಪನ ಮೇಲೆ ಕೈ ಮಾಡ್ತಾನಾ?"

ಬಾಗಿಲ ಬಳಿ ನಿಂತಿದ್ದ ಸುಬ್ರಮಣಿ ಕಾರಿನ ಕೀಲಿ ಕೈಗೆತ್ತಿಕೊಂಡ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮುನಿನಾರಾಯಣಮ್ಮನವರ ಜೀಪನ್ನು ಹತ್ತೊಂಬತ್ತು ವರ್ಷ ಓಡಿಸಿದವನು ಅವನು. ಈಗ ಇಬ್ಬರೂ ನಿವೃತ್ತರು. ಆದರೂ ಕಷ್ಟ ಅಂತ ಬಂದವರು ಇವತ್ತಿಗೂ ಯಲಹಂಕದ ಮೇಡಂ ಮನೆಯ ಕದ ತಟ್ಟುತ್ತಿದ್ದರು, ಅವನೂ ತನ್ನ ಹಳೇ ಮಾರುತಿ ಕಾರು ತಂದು ನಿಲ್ಲಿಸುತ್ತಿದ್ದ. ಸತ್ತ ದಾಸಪ್ಪನವರು ಅವನಿಗೂ ಗೊತ್ತು. ಅವನ ಅಪ್ಪನ ಕೊನೇ ಫೋಟೋ ತೆಗೆದವರು ಅವರೇ.

ಕೋಗಿಲಿನ ಹಳೇ ಮನೆತನಗಳಲ್ಲಿ ಹಿರಿಯರು ತೀರಿಕೊಂಡರೆ, ಮಣ್ಣು ಮಾಡುವ ಮೊದಲು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮನೆಮಂದಿಯೆಲ್ಲ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ದೇಹ ಜಾರದಂತೆ, ಕತ್ತು ವಾಲದಂತೆ, ಜೀವ ಇದ್ದವರಂತೆ ಕೂರಿಸುವುದು ಎಲ್ಲರಿಗೂ ಬರುವ ಕೆಲಸವಲ್ಲ. ದಾಸಪ್ಪನವರು ಅಲ್ಲೇ ಸ್ಟುಡಿಯೋ ಇಟ್ಟುಕೊಂಡು ನಲವತ್ತು ವರ್ಷ ಅದನ್ನೇ ಮಾಡಿದ್ದರು. ಅವರ ತಂಗಿಯ ಮಗ ಮನೋಹರ್ ಇಪ್ಪತ್ತು ವರ್ಷ ಜೊತೆಗಿದ್ದು ಕಲಿತಿದ್ದ.

"ಮೊದಲಿಂದ ಹೇಳಿ ಸಾಹೇಬ್ರೇ," ಅಂದರು ಮುನಿನಾರಾಯಣಮ್ಮ.

"ದಾಸಪ್ಪನಿಗೆ ಎರಡು ವರ್ಷದಿಂದ ಕೈ ನಡುಕ ಮೇಡಂ. ನೀರಿನ ಲೋಟ ಎತ್ತಿದ್ರೆ ಅರ್ಧ ಮೈಮೇಲೆ. ಹೊಸ ಕ್ಯಾಮೆರಾ ಬೇಕು ಅಂದ. ಆರ್.ಟಿ. ನಗರದ ನಮ್ಮಂಗಡೀಲಿ ಓರಿಕಾ ಕಂಪನಿಯ ಮೂರು ಮಾಡೆಲ್ ಇವೆ. ಬುಧವಾರ ವಾಜಿದ್ ಮೂರನ್ನೂ ಸ್ಟುಡಿಯೋದಲ್ಲಿ ಬಿಟ್ಟು ಬಂದ, ನೋಡಿ ಆರಿಸ್ಕೊಳ್ಳಿ ಅಂತ."

"ಮೂರಕ್ಕೂ ಏನ್ ವ್ಯತ್ಯಾಸ?"

ಅಂಗಡಿಯ ಮಾತು ಬಂದದ್ದೇ ಮುದುಕರ ದನಿ ಒಂಚೂರು ಗಟ್ಟಿಯಾಯಿತು. "ಮುನ್ನೂರು ಅನ್ನೋದು ಚಿಕ್ಕದು. ಕತ್ತಲಿದ್ರೆ ತಾನೇ ಫ್ಲ್ಯಾಶ್ ಎತ್ಕೊಂಡು ಹೊಡೆಯುತ್ತೆ. ಐನೂರಕ್ಕೆ ಫ್ಲ್ಯಾಶ್ ಇಲ್ಲ, ಆದ್ರೆ ಹಿಡ್ಕೊಂಡೋರ ಕೈ ನಡುಗಿದ್ರೂ ಒಳಗೇ ಸರಿಮಾಡ್ಕೊಳ್ಳುತ್ತೆ. ಏಳುನೂರು ಮದುವೆಯೋರಿಗೆ. ವಿಡಿಯೋ ಜೋರಾಗಿ ಬರುತ್ತೆ, ಎದುರಿಗಿರೋರ ಕಣ್ಣು ಹುಡುಕಿ ಹಿಡ್ಕೊಳ್ಳುತ್ತೆ. ಸಾಯಂಕಾಲ ದಾಸಪ್ಪ ಫೋನ್ ಮಾಡಿ ನಗಾಡ್ದ ಮೇಡಂ. 'ಕಣ್ಣು ಉಡುಕೋ ಕ್ಯಾಮೆರಾ ನಂಗ್ಯಾಕ್ಲಾ ರಸೂಲಾ? ನನ್ ಗಿರಾಕಿಗಳೆಲ್ಲ ಕಣ್ಣು ಮುಚ್ಕೊಂಡೇ ಕೂತಿರ್ತಾರೆ. ಐನೂರೇ ಇರ್ಲಿ' ಅಂದ. ಅದೇ ಕೊನೇ ಮಾತು." ಇಷ್ಟು ಹೇಳಿ ಅವರು ಟೋಪಿ ತೆಗೆದು ಮುಖ ಮುಚ್ಚಿಕೊಂಡರು.

ಗುರುವಾರ ನಡೆದದ್ದು ಇಷ್ಟು. ದಾಸಪ್ಪನವರ ಹೆಂಡತಿ ಯಲ್ಲಮ್ಮ ಬೆಳಿಗ್ಗೆಯೇ ಮಾತ್ರೆ ತರಲು ಯಲಹಂಕಕ್ಕೆ ಹೋಗಿದ್ದರು. ಮನೋಹರ್ ಹನ್ನೊಂದೂಕಾಲಿಗೆ ಸ್ಟುಡಿಯೋ ಬಿಟ್ಟು, ಹನ್ನೆರಡಕ್ಕೆ ಯಶವಂತಪುರದ ಒಂದು ಕಲ್ಯಾಣ ಮಂಟಪದಲ್ಲಿದ್ದ. ಅಲ್ಲಿನ ಸಿಸಿಟಿವಿಯೇ ಸಾಕ್ಷಿ. ಉಳಿದ ಎರಡು ಕ್ಯಾಮೆರಾ ವಾಪಸು ಒಯ್ಯಲು ಹನ್ನೆರಡೂಕಾಲಿಗೆ ಬಂದ ವಾಜಿದ್, ದಾಸಪ್ಪನವರು ನೆಲದ ಮೇಲೆ ಬಿದ್ದಿರುವುದನ್ನು ಕಂಡು ಅವರ ತಲೆ ಎತ್ತಿ ಹಿಡಿದು ಕೂಗಿಕೊಂಡ. ತಲೆಯ ಹಿಂಭಾಗ ದೀಪದ ಸ್ಟ್ಯಾಂಡಿನ ಕಬ್ಬಿಣದ ಪಾದಕ್ಕೆ ಬಡಿದು ಒಡೆದಿತ್ತು. ವಾಜಿದ್‌ನ ಅಂಗಿಯೆಲ್ಲ ರಕ್ತ.

ಸ್ಟುಡಿಯೋದಲ್ಲಿ ಇನ್‌ಸ್ಪೆಕ್ಟರ್ ವೀರಬಸಪ್ಪ ಕಾಯುತ್ತಿದ್ದರು. ಮುನಿನಾರಾಯಣಮ್ಮನವರ ಮೇಲೆ ಅವರಿಗೆ ಗೌರವ ಇತ್ತು, ಆದರೆ ಕೇಸು ಮುಗಿದಿದೆ ಅನ್ನುವ ಧೈರ್ಯವೂ ಇತ್ತು.

"ನೋಡಿ ಮೇಡಂ, ಈ ಒಂದು ಫೋಟೋ ಸಾಕು."

ಸ್ಟ್ಯಾಂಡಿನ ಮೇಲಿದ್ದ ಓರಿಕಾ ಮುನ್ನೂರರಲ್ಲಿ ಸಿಕ್ಕಿದ ಚಿತ್ರ ಅದು. ದಾಸಪ್ಪನವರು ಟೈಮರ್ ಇಟ್ಟು ತಾವೇ ತೆಗೆದುಕೊಂಡಂತಿತ್ತು. ದಾಸಪ್ಪನವರು ಸ್ಟುಡಿಯೋದ ದೊಡ್ಡ ಕುರ್ಚಿಯಲ್ಲಿ ಕೂತಿದ್ದಾರೆ. ತಲೆ ತಗ್ಗಿದೆ, ಮಡಿಲಲ್ಲಿ ಓರಿಕಾ ಐನೂರು, ಅದನ್ನು ಎರಡೂ ಕೈ ಬಳಸಿವೆ. ಪಕ್ಕದಲ್ಲಿ ಊದುಬತ್ತಿ. ಹಿಂದೆ ಗೋಡೆಯ ಗಡಿಯಾರದಲ್ಲಿ ಹನ್ನೆರಡು ಗಂಟೆ ಐದು ನಿಮಿಷ. ಕ್ಯಾಮೆರಾ ಬರೆದಿಟ್ಟ ಸಮಯವೂ ಅದೇ.

"ಹನ್ನೆರಡೂ ಐದಕ್ಕೆ ಬದುಕಿದ್ರು. ಹನ್ನೆರಡೂಕಾಲಿಗೆ ವಾಜಿದ್ ಬಂದ. ಮಧ್ಯೆ ಇನ್ಯಾರು ಬಂದ್ರು ಹೇಳಿ?"

ಸುಬ್ರಮಣಿ ಬಗ್ಗಿ ಬಗ್ಗಿ ನೋಡಿದ. ಊದುಬತ್ತಿಯ ಹೊಗೆ ಕಲಸಿಹೋಗಿತ್ತು. ಗಡಿಯಾರದ ಸೆಕೆಂಡ್ ಮುಳ್ಳಿನ ತುದಿ ಮಸುಕಾಗಿ ಬಂದಿತ್ತು. ದಾಸಪ್ಪನವರ ಬೆರಳುಗಳ ಗೆಣ್ಣು ಮಾತ್ರ ಒಂದೊಂದೂ ಎಣಿಸುವಂತಿತ್ತು.

"ಅವತ್ತು ಕರೆಂಟ್ ಇತ್ತೇನ್ರೀ?" ಎಂದು ಕೇಳಿದರು ಮೇಡಂ.

"ಇರ್ಲಿಲ್ಲ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಇಡೀ ಕೋಗಿಲಲ್ಲೇ ಇರ್ಲಿಲ್ಲ. ಅದಕ್ಕೇ ಚಿತ್ರ ಹಿಡಿಯೋಕೆ ಕ್ಯಾಮೆರಾ ಅರ್ಧ ಸೆಕೆಂಡ್ ತಗೊಂಡಿದೆ ಅಂತ ನಮ್ಮ ಫೋಟೋಗ್ರಾಫರ್ ಹೇಳ್ದ."

ಮೇಡಂ ಕ್ಯಾಮೆರಾ ಸೆಟ್ಟಿಂಗ್ ತೆರೆದು ನೋಡಿದರು. ಫ್ಲ್ಯಾಶ್ ಬಂದ್ ಆಗಿತ್ತು. ಆಮೇಲೆ ಗೋಡೆಯ ಹತ್ತಿರ ಹೋದರು. ಗಡಿಯಾರ ಓರೆಯಾಗಿತ್ತು, ಅದರ ಕೆಳಗಿನ ಧೂಳಿನಲ್ಲಿ ಹೊಸ ಗೀರಿತ್ತು. "ಇದರ ಹಿಂದುಗಡೆ ಬೆರಳಚ್ಚು ತೆಗೆಸಿ," ಎಂದರು.

ಮೂಲೆಯಲ್ಲಿ ಮನೋಹರ್ ಕೂತಿದ್ದ. ಅತ್ತು ಅತ್ತು ಮುಖ ಊದಿತ್ತು. ಅವನ ಪಕ್ಕ ನೆಲದ ಮೇಲೆ ಯಲ್ಲಮ್ಮ.

"ಮನೋಹರ್, ಸತ್ತವರ ಫೋಟೋ ತೆಗೆಯುವಾಗ ನಿಮ್ಮಲ್ಲಿ ಏನಾದ್ರೂ ಪದ್ಧತಿ ಉಂಟಾ?"

ಉತ್ತರ ಕೊಟ್ಟವರು ಯಲ್ಲಮ್ಮ. "ಮಕಕ್ಕೆ ಫ್ಲ್ಯಾಶ್ ಒಡೆಯಂಗಿಲ್ಲ ಕಣಮ್ಮ. ವೋಗೋರ ಕಣ್ಣಿಗೆ ಬೆಳಕು ಚುಚ್ಚಬಾರ್ದು ಅನ್ನೋರು ನಮ್ಮನೆಯೋರು. ಇವ್ನಿಗೂ ಅಂಗೇ ಕಲ್ಸಿದ್ರು."

ವಾಪಸು ಬರುವಾಗ ಸುಬ್ರಮಣಿಗೆ ತಡೆಯಲಾಗಲಿಲ್ಲ. "ಮೇಡಂ, ಐನೂರು ನಡುಕ ಸರಿಮಾಡುತ್ತಲ್ಲ, ಅದಕ್ಕೇ ಕೈ ಅಷ್ಟು ಚೆನ್ನಾಗಿ ಬಂದಿರ್ಬೇಕು."

"ಫೋಟೋ ತೆಗೆದದ್ದು ಯಾವ ಕ್ಯಾಮೆರಾ ಕಣೋ?"

"ಮುನ್ನೂರು." ಅವನು ನಾಲಿಗೆ ಕಚ್ಚಿಕೊಂಡ. ಕೋಗಿಲು ದಾಟುವವರೆಗೂ ಅವನಿಗೆ ಅದೇ ಯೋಚನೆ. ಹೊಳೆದಾಗ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿಬಿಟ್ಟ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮುನಿನಾರಾಯಣಮ್ಮ ಎಲ್ಲರನ್ನೂ ಸ್ಟುಡಿಯೋಗೆ ಕರೆಸಿದರು. ವಾಜಿದ್‌ನನ್ನು ಕೋರ್ಟಿಗೆ ಕರೆದೊಯ್ಯುವ ಜೀಪು ಹೊರಗೇ ನಿಂತಿತ್ತು. ಅವನು ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ತಲೆ ಬಗ್ಗಿಸಿ ಕೂತಿದ್ದ. ದಾಸಪ್ಪನವರ ದೇಹ ಆಸ್ಪತ್ರೆಯಿಂದ ಮಧ್ಯಾಹ್ನ ಬರುವುದಿತ್ತು.

"ದಾಸಪ್ಪನವರ ಕೈ ನಡುಗುತ್ತಿತ್ತು," ಎಂದು ಶುರುಮಾಡಿದರು ಅವರು. "ಆ ಕೈಗೋಸ್ಕರವೇ ಐನೂರನ್ನು ಆರಿಸಿದ್ರು. ಆದರೆ ಐನೂರು ಸರಿಮಾಡೋದು ಕ್ಯಾಮೆರಾ ಹಿಡಿದವರ ನಡುಕವನ್ನ, ಎದುರಿಗೆ ಕೂತವರದ್ದನ್ನಲ್ಲ. ಈ ಚಿತ್ರ ತೆಗೆದದ್ದು ಮುನ್ನೂರು. ಅದಕ್ಕೆ ಆ ವಿದ್ಯೆಯೇ ಇಲ್ಲ. ಅರ್ಧ ಸೆಕೆಂಡಿನಲ್ಲಿ ಹೊಗೆ ಅಲುಗಿದೆ, ಮುಳ್ಳು ಅಲುಗಿದೆ. ಎರಡು ವರ್ಷದಿಂದ ಒಂದು ಗಳಿಗೆಯೂ ಸುಮ್ಮನಿರದ ಕೈ ಅಲುಗಿಲ್ಲ. ಯಾಕೆ?"

ಯಲ್ಲಮ್ಮನವರಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಆ ಕುರ್ಚಿಯಲ್ಲಿ ಕೂತಾಗ ಅವರು ಸತ್ತಿದ್ರು. ಯಾರೋ ಕೂರಿಸಿ, ಗಡಿಯಾರ, ಕ್ಯಾಮೆರಾ ಎರಡರ ಸಮಯವನ್ನೂ ಮುಂದಕ್ಕೆ ತಿರುಗಿಸಿ, ಫೋಟೋ ತೆಗೆದು, ಮತ್ತೆ ಹಿಂದಕ್ಕೆ ತಿರುಗಿಸಿ, ದೇಹವನ್ನು ಬಿದ್ದ ಜಾಗದಲ್ಲೇ ಮಲಗಿಸಿದ್ರು. ಹನ್ನೆರಡೂ ಐದು ಅಂತ ತೋರಿಸಿದ್ರೆ ವಾಜಿದ್‌ಗೆ ಏನು ಲಾಭ? ಅವನ ಕುತ್ತಿಗೆಗೇ ಬರುತ್ತೆ. ಆ ಹೊತ್ತಿಗೆ ಬೇರೆ ಕಡೆ ಇದ್ದೆ ಅಂತ ಸಾಕ್ಷಿ ಇಟ್ಕೊಂಡವರಿಗೆ ಮಾತ್ರ ಲಾಭ. ಇನ್ನು, ಹೆಣವನ್ನ ಜೀವ ಇದ್ದಂತೆ ಕೂರಿಸೋದು ಈ ಊರಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬರು ಕುರ್ಚಿಯಲ್ಲಿದ್ರು."

"ಗಡಿಯಾರದ ಹಿಂದಿನ ತಿರುಪಿನ ಮೇಲೆ ನಿನ್ನ ಹೆಬ್ಬೆರಳಚ್ಚಿದೆ ಮನೋಹರ್," ಎಂದರು ವೀರಬಸಪ್ಪ.

"ಅದಕ್ಕಿಂತ ದೊಡ್ಡದು ಇನ್ನೊಂದಿದೆ," ಎಂದರು ಮುನಿನಾರಾಯಣಮ್ಮ. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ಕತ್ತಲಲ್ಲಿ ಮುನ್ನೂರು ತಾನಾಗಿ ಫ್ಲ್ಯಾಶ್ ಹೊಡೆಯುತ್ತೆ. ಹೊಡೆಯೋಕೆ ಬಿಟ್ಟಿದ್ರೆ ಕಣ್ಣು ಮಿಟುಕಿಸೋದರೊಳಗೆ ಚಿತ್ರ ಮುಗಿದು, ಹೊಗೆ, ಮುಳ್ಳು ಎಲ್ಲವೂ ಅಲುಗದೆ ಬರ್ತಿತ್ತು. ಆಗ ಆ ಕೈಯನ್ನ ಯಾರೂ ಅನುಮಾನಿಸುತ್ತಿರಲಿಲ್ಲ. ನೀನು ಬೇಕಂತಲೇ ಬಂದ್ ಮಾಡಿದೆ. ಯಾಕಪ್ಪಾ?"

ಮನೋಹರ್ ದೊಡ್ಡ ಕುರ್ಚಿಯ ಕಡೆ ನೋಡಿದ. "ಮಾವನ ಮುಖ ಮೇಡಂ. ಮಾವನ ಮುಖಕ್ಕೆ ಹೊಡೆಯಕ್ಕೆ ಮನಸ್ಸು ಬರ್ಲಿಲ್ಲ."

ಆಮೇಲೆ ಎಲ್ಲ ಹೊರಬಂತು. ಅವನ ಮಗಳು ಮೋನಿಷಾಗೆ ಎರಡನೇ ಸಂಬಂಧವೂ ಮುರಿದುಬಿದ್ದಿತ್ತು. ಹೆಣ ಕೂರಿಸೋರ ಮನೆ ಹುಡುಗಿ ಬೇಡ ಅಂದಿದ್ದರು. ಏಳುನೂರು ತಗೊಳ್ಳೋಣ, ಬೋರ್ಡ್ ಬದಲಾಯಿಸೋಣ, ಇನ್ನು ಮದುವೆಗಳನ್ನೇ ಮಾಡೋಣ ಎಂದು ಅವನು ಅವತ್ತು ಬೆಳಿಗ್ಗೆ ಕಾಲು ಹಿಡಿದು ಕೇಳಿದ್ದ. ದಾಸಪ್ಪನವರು ಐನೂರನ್ನು ಎತ್ತಿಕೊಂಡು ನಕ್ಕಿದ್ದರು. "ನಕ್ರು ಮೇಡಂ. ತಳ್ಳಿದೆ ಅಷ್ಟೇ. ಸಾಯಿಸ್ಬೇಕು ಅಂತ ಅಲ್ಲ, ದೇವರಾಣೆ."

"ಆದ್ರೆ ವಾಜಿದ್ ಸಾಯ್ಲಿ ಅಂತ ಬಿಟ್ಟೆ," ಎಂದರು ಗುಲಾಮ್ ರಸೂಲ್. ಬೈಯಲಿಲ್ಲ. ಎದ್ದು ಹೋಗಿ ಮಗನ ತಲೆಯನ್ನು ಎದೆಗೆ ಒತ್ತಿಕೊಂಡರು. ವಾಜಿದ್ ಚಿಕ್ಕ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಸುಬ್ರಮಣಿಯ ಕಣ್ಣೂ ತುಂಬಿತು, ಅವನು ಅದನ್ನು ಮುಚ್ಚಿಡಲಿಲ್ಲ.

ಜೀಪಿನ ಕಡೆ ಹೊರಟ ಮನೋಹರ್ ಹೊಸ್ತಿಲಲ್ಲಿ ತಿರುಗಿ ನಿಂತ. "ಅತ್ತೆ, ಮಧ್ಯಾಹ್ನ ಮಾವ ಬಂದ್ರೆ ಕೂರ್ಸಕ್ಕೆ ಯಾರಿಗೂ ಬರಲ್ಲ. ಇನ್‌ಸ್ಪೆಕ್ಟರ್ ಸಾಹೇಬ್ರನ್ನ ಕೇಳಿ. ನಾನೇ ಕೂರಿಸಿ ಹೋಗ್ತೀನಿ."

ಯಲ್ಲಮ್ಮ ಎದ್ದು ದೊಡ್ಡ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು.

"ಒಂದ್ಸಲ ಕೂರ್ಸಿದ್ಯಲ್ಲಪ್ಪ," ಎಂದರು. "ಸಾಕು."

ನಲವತ್ತು ವರ್ಷ ಊರಿನ ಹಿರಿಯರನ್ನೆಲ್ಲ ಕೂರಿಸಿದ್ದ ದಾಸಪ್ಪನವರನ್ನು ಅವತ್ತು ಮಲಗಿಸಿಯೇ ಒಯ್ದರು. ಫೋಟೋ ತೆಗೆಯಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ವಾಜಿದ್ ಕೂಡ ಇದ್ದ.