ಗೂಬೆಯಾಗಬಹುದು, ಹೇಂಟೆಯಾಗಬಾರದು

ಟರ್ಕಿ ಕೋಳಿಯ ಬೇಟೆಗೆ ಇನ್ನೊಂದು ವಾರವಿರುವಾಗ ಡೆಲ್ಫಾ ತನ್ನ ಪಡೆಯನ್ನು ಹೊರಡಿಸಿದಳು. ಪಡೆ ಎಂದರೆ ಮೂವರು: ಅವಳು, ಅವಳ ತಮ್ಮ ಬರ್ಲ್, ಮತ್ತು ಮಗಳು ರೇನಾಳನ್ನು ಮದುವೆಯಾಗುತ್ತೇನೆಂದು ಪಟ್ಟಣದಿಂದ ಬಂದು ಕೂತಿದ್ದ ಕೋಲ್ಬಿ. ಮೂರನೆಯವನನ್ನು ಲೆಕ್ಕಕ್ಕೆ ಸೇರಿಸಲು ಡೆಲ್ಫಾಗೆ ಮನಸ್ಸೇ ಇರಲಿಲ್ಲ. ಅಂಗಡಿಯ ಗಾಜಿನ ಕಪಾಟೇ ಕಾಲು ಬಂದು ನಡೆದಂತಿದ್ದ ಆ ಹುಡುಗ. ಎಲೆ ಬಣ್ಣದ ಟೋಪಿ, ಎಲೆ ಬಣ್ಣದ ಬೂಟು, ಮೂಗು ಒರೆಸುವ ಬಟ್ಟೆಯೂ ಎಲೆ ಬಣ್ಣದ್ದೇ.

ಕೆಲಸ ಸ್ಪಷ್ಟವಾಗಿತ್ತು. ಹೋದ ಚಳಿಗಾಲದಲ್ಲಿ ಡೆಲ್ಫಾಳ ಗಂಡ ಆರ್ವಿಲ್‌ನ ಎಡಗಾಲು ಮರದ ಮಿಲ್ಲಿನ ಗರಗಸಕ್ಕೆ ಸಿಕ್ಕಿತ್ತು. ಆಸ್ಪತ್ರೆಯಿಂದ ಬಂದಮೇಲೆ ಆತ ಕೇಳಿದ್ದು ಒಂದೇ: ಬೇಟೆಯ ಮೊದಲ ಬೆಳಗ್ಗೆ ಕಾಡಲ್ಲಿ ಕೂತು ಹುಂಜವನ್ನು ಎದುರುಗೊಳ್ಳಬೇಕು. ಆದರೆ ಓಝಾರ್ಕ್ ಬೆಟ್ಟದ ಹುಂಜಗಳು ಕಡಿದಾದ ಏಣುಗಳ, ಅಂದರೆ ಬೆಟ್ಟದ ಬೆನ್ನುಗಳ, ಮೇಲಿರುತ್ತವೆ. ಹಿಂದೆ ಮರದ ದಿಮ್ಮಿ ಸಾಗಿಸುತ್ತಿದ್ದ ಹಳೆಯ ನಾಟಾ ರಸ್ತೆಯ ಸಪಾಟು ನೆಲಕ್ಕೆ ಇಳಿದು ಬರುವ ಹುಂಜವೊಂದನ್ನು ಪತ್ತೆಹಚ್ಚಬೇಕಿತ್ತು. ಬೇಟೆಯ ಆ ಮೊದಲ ದಿನ ಬರ್ಲ್‌ಗೆ ಮಿಲ್ಲಿನ ಪಾಳಿ, ಆರ್ವಿಲ್‌ಗಾಗಿ ಕೋವಿ ಹೊತ್ತು ಹುಂಜವನ್ನು ಕರೆಯಬೇಕಾದವಳು ಡೆಲ್ಫಾ. ಅವಳ ಬೇಟೆಯ ಪರವಾನಗಿ ಏನಾದರೂ ಹೋದರೆ ಆರ್ವಿಲ್ ಮನೆ ಕಿಟಕಿಯಲ್ಲೇ ಕೂರಬೇಕು.

"ಕಾನೂನು ಗೊತ್ತಲ್ಲ?" ಎಂದು ಡೆಲ್ಫಾ ಕೋಲ್ಬಿಯನ್ನು ಕೇಳಿದಳು ಸರ್ಕಾರಿ ಕಾಡಿನ ಗೇಟಿನ ಬಳಿ.

"ಗೊತ್ತು ಅತ್ತೆ."

"ಇನ್ನೂ ಅತ್ತೆ ಆಗಿಲ್ಲ ನಾನು. ಹೇಳು."

"ಬೇಟೆ ಶುರುವಾಗೋ ಮುಂಚೆ ಟರ್ಕಿ ದನಿ ತೆಗೆಯೋ ಹಾಗಿಲ್ಲ."

"ಗೂಬೆಯಾಗು, ಕಾಗೆಯಾಗು, ಹೇಂಟೆ ಮಾತ್ರ ಆಗಬೇಡ. ಸುಳ್ಳು ಹೇಂಟೆ ಕೂಗಿಗೆ ಒಂದೆರಡು ಸಲ ಮೋಸಹೋದ ಹುಂಜ ಬಾಯಿ ಹೊಲ್ಕೊಂಡುಬಿಡುತ್ತೆ. ಸಿಕ್ಕಿಬಿದ್ರೆ ಪರವಾನಗಿಗೂ ತಿಲತರ್ಪಣ. ತಿಳೀತಾ?"

ಕೋಲ್ಬಿ ತಲೆಯಾಡಿಸಿದ. ಈ ಸಲ ಅವನು ಬಾಯಿ ಬಿಟ್ಟು ಉತ್ತರಿಸಲಿಲ್ಲ ಎಂಬುದನ್ನು ಡೆಲ್ಫಾ ಆಗಲೇ ಗಮನಿಸಬೇಕಿತ್ತು.

ಬೆಳಕು ಹರಿಯುತ್ತಿತ್ತು. ರಾತ್ರಿಯಿಡೀ ಹೊಡೆದ ಮಳೆಗೆ ಹೊಳೆ ಕೆಂಪಗೆ ಉಕ್ಕಿ, ಬಂಡೆಗಳಿಗೆ ಡಿಕ್ಕಿ ಹೊಡೆದು ಅಬ್ಬರಿಸುತ್ತಿತ್ತು. ಓಕ್ ಮರಗಳಲ್ಲಿ ಎಲೆ ಇನ್ನೂ ಇಲಿಯ ಕಿವಿಯಷ್ಟೇ. ಅವುಗಳ ಕೆಳಗೆ ಡಾಗ್‌ವುಡ್ ಬೆಳ್ಳಗೆ ಹೂ ಬಿಟ್ಟಿತ್ತು. ಹೊಳೆಯ ಪಕ್ಕದ, ಗೋಡೆಯಂತೆ ಕಡಿದಾದ ಸುಣ್ಣಕಲ್ಲಿನ ಬಂಡೆಯ ಮೇಲೆ ಮಂಜು ದಪ್ಪಗೆ ಕವಿದಿತ್ತು. ಬರ್ಲ್ ನೆಲಕ್ಕೆ ಬಗ್ಗಿ ಹಿಕ್ಕೆ ತೋರಿಸಿದ. ಕೊಕ್ಕೆಯಂತೆ ಬಾಗಿತ್ತು. ಹೇಂಟೆಯದಾದರೆ ಸುರುಳಿ ಸುತ್ತಿರುತ್ತದೆ, ಇದು ಹುಂಜದ್ದೇ.

ಬರ್ಲ್ ಅಂಗೈ ಬಾಯಿಗಿಟ್ಟು ಗೂಬೆಯಂತೆ ಕೂಗಿದ. ಗೂಬೆಯ ದನಿ ಕೇಳಿದರೆ ಹುಂಜಕ್ಕೆ ಮೈ ಉರಿದು ಗದರದೆ ಇರಲಾಗುವುದಿಲ್ಲ. ದೂರದಿಂದ ಗುಳುಗುಳು ಎಂದು ಉತ್ತರ ಬಂತು. ನಾಟಾ ರಸ್ತೆಯ ಕಡೆಯಿಂದಲೇ!

"ನೀನು ಈ ಏಣಿನ ಮೇಲೆ ಬಾಯಿ ಮುಚ್ಕೊಂಡು ಕೂತು ಕೇಳು," ಎಂದು ಕೋಲ್ಬಿಗೆ ಹೇಳಿ, ಅಕ್ಕ ತಮ್ಮ ಕೆಳಗಿಳಿದರು.

ಅರ್ಧ ದಾರಿ ಹೋಗಿರಲಿಲ್ಲ. ಮೇಲಿನಿಂದ ಹೇಂಟೆಯೊಂದು ಕೀಯಾಂವ್ ಕೀಯಾಂವ್ ಎಂದಿತು.

ಡೆಲ್ಫಾ ನಿಂತಳು. ಸೃಷ್ಟಿಯಾದ ದಿನದಿಂದ ಯಾವ ಹೇಂಟೆಯೂ ಅಷ್ಟು ನೀಟಾಗಿ, ಪಾಠ ಒಪ್ಪಿಸಿದ ಹಾಗೆ ಕೂಗಿಲ್ಲ. ಅದು ಅಂಗುಳಕ್ಕೆ ಒತ್ತಿಕೊಂಡು ಊದುವ ರಬ್ಬರಿನ ಪೀಪಿ. ಬೆಳಗಿನಿಂದಲೂ ಆ ದರಿದ್ರದವನ ಕೆನ್ನೆಯ ಸಂದಿಯಲ್ಲೇ ಅಡಗಿತ್ತು!

ಅಷ್ಟರಲ್ಲಿ ಹೊಳೆಯ ಆಚೆಯಿಂದ ಇನ್ನೊಂದು ಹೇಂಟೆ ಉತ್ತರ ಕೊಟ್ಟಿತು. ಅದೂ ಅಷ್ಟೇ ನೀಟು.

"ಇನ್ನೊಬ್ಬ," ಎಂದ ಬರ್ಲ್.

"ಇಬ್ರೂ ಒಬ್ಬರನ್ನೊಬ್ಬರು ಕೋಳಿ ಅಂದ್ಕೊಂಡಿದ್ದಾರೆ," ಎಂದಳು ಡೆಲ್ಫಾ ಹಲ್ಲು ಕಡಿಯುತ್ತ. "ಮೊಟ್ಟೆ ಇಟ್ಟರೂ ಇಟ್ಟಾರು."

ಕೂಗು, ಉತ್ತರ, ಮತ್ತೆ ಕೂಗು. ನಿಜವಾದ ಹುಂಜ ಅಸಹ್ಯಪಟ್ಟುಕೊಂಡು ಮೌನವಾಯಿತು. ಕೋಲ್ಬಿಯ ಪೀಪಿ ಮಾತ್ರ ಹೊಳೆಯ ಕಡೆ ಸರಿಯುತ್ತ ಹೋಯಿತು. ಪುಣ್ಯಾತ್ಮ ಇಲ್ಲದ ಹೇಂಟೆಯನ್ನು ನೋಡಲು ಕಲ್ಲುಗೋಡೆ ಇಳಿಯುತ್ತಿದ್ದ.

ಕಲ್ಲು ಜಾರಿದ ಸದ್ದು. ಆಮೇಲೆ ಏನೂ ಇಲ್ಲ.

"ಕೋಲ್ಬಿ!"

ಹೊಳೆಯ ಅಬ್ಬರ ಅವಳ ದನಿಯನ್ನು ನುಂಗಿತು. ಇಬ್ಬರೂ ಗೋಡೆಯ ಅಂಚಿಗೆ ಓಡಿದರು. ಮಂಜಿನಲ್ಲಿ ಕೈ ಚಾಚಿದರೆ ಕೈ ಕಾಣದು. ಆಗ ಕೆಳಗೆ ಎಲ್ಲೋ, ನಡುಗುವ ಒಂದು ಕೀಯಾಂವ್. ಮನುಷ್ಯರ ಕೂಗು ನೀರಿನ ಸದ್ದಿನಲ್ಲಿ ಮುಳುಗುತ್ತಿತ್ತು. ಆ ಸಣ್ಣ, ಚೂಪು ದನಿ ಮಾತ್ರ ಮೇಲೆ ಬರುತ್ತಿತ್ತು. ಅದೂ ನಿಂತುಹೋಯಿತು.

ದನಿಯೇ ಇಲ್ಲದಮೇಲೆ ಅವನನ್ನು ಹುಡುಕುವುದು ಹೇಗೆ? ರೇನಾಗೆ ಏನು ಹೇಳುವುದು?

ಡೆಲ್ಫಾ ಕಣ್ಣು ಮುಚ್ಚಿ, ಗಂಟಲಿನಿಂದಲೇ ಹೇಂಟೆಯ ದನಿ ತೆಗೆದಳು. ಬೇಟೆಯ ಕಾಲಕ್ಕೆ ಮುಂಚೆ ಅವಳು ಹುಟ್ಟಿದಾಗಿನಿಂದ ಮಾಡದ ಕೆಲಸ. ಮೊಂಡು, ಒರಟು, ಮರಿಗಳನ್ನು ಗದರುವ ಮುದಿ ಹೇಂಟೆಯ ದನಿ.

ಕೆಳಗಿನಿಂದ ಉತ್ತರ ಬಂತು. ಎಡಕ್ಕೆ.

ಮತ್ತೆ ಕೂಗಿದಳು. ಇನ್ನೂ ಎಡಕ್ಕೆ.

"ಇಲ್ಲೇ ಅಕ್ಕ!"

ಬರ್ಲ್ ಹೊಳೆ ದಾಟಲೆಂದು ತಂದ ಹಗ್ಗವನ್ನು ಸೀಡರ್ ಮರಕ್ಕೆ ಸುತ್ತಿದ. ಡೆಲ್ಫಾ ಇಳಿದಳು. ಮೊಣಕೈ ತರಚಿತು. ಹಾಸುಗಲ್ಲಿನ ತುದಿಯಲ್ಲಿ ಕೋಲ್ಬಿ ಹಲ್ಲಿಯಂತೆ ಅಂಟಿಕೊಂಡಿದ್ದ. ಹೊಳೆ ಅವನ ಬೂಟು ನೆಕ್ಕುತ್ತಿತ್ತು.

"ಕೈ ಕೊಡು!"

"ಆಗಲ್ಲ ಅತ್ತೆ!"

"ಬಾಯಿಗಿರೋ ಧೈರ್ಯ ಕೈಗಿಲ್ವೇನೋ? ಕೊಡು!"

ಕೊಟ್ಟ. ಅವಳು ಹಗ್ಗವನ್ನು ಅವನ ಸೊಂಟಕ್ಕೆ ಬಿಗಿದಳು. ಕಲ್ಲು ಕುಸಿಯಿತು. ಇಬ್ಬರೂ ಒಮ್ಮೆ ತೂಗಾಡಿದರು. ಮೇಲೆ ಬರ್ಲ್ ಹಿಮ್ಮಡಿ ಊರಿ ಎಳೆದ. ಮೂವರೂ ಅಂಚಿನ ಮೇಲೆ ಕೆಸರಿನಲ್ಲಿ ಉರುಳಿದರು.

ತಲೆಯೆತ್ತಿದರೆ ಎದುರಿಗೆ ಬೇಟೆ ಕಾವಲಿನ ಅಧಿಕಾರಿ ಟಾಲಿವರ್. ಅವನ ಹಿಂದೆ ಕತ್ತು ಬಗ್ಗಿಸಿಕೊಂಡು ಡ್ರೆಸ್ಲರ್, ಊರಿನ ಬೇಟೆಗಾರರ ಸಂಘದ ಅಧ್ಯಕ್ಷ. ಆಚೆ ದಡದ ಹೇಂಟೆ ಈತನೇ. ಹೋದ ಭಾನುವಾರವಷ್ಟೇ ಇಗರ್ಜಿಯ ಊಟದಲ್ಲಿ ಕಾನೂನಿನ ಬಗ್ಗೆ ಭಾಷಣ ಬಿಗಿದಿದ್ದ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

"ಒಂದು ಹೇಂಟೆ ಸೇತುವೆ ಹತ್ರ ಸಿಕ್ತು," ಎಂದ ಟಾಲಿವರ್. "ಈ ಕಡೆ ಕೂಗಿದ್ದು ಯಾರು?"

ಕೋಲ್ಬಿ ಪೀಪಿಯನ್ನು ಅಂಗೈಗೆ ಉಗುಳಿದ. "ನಾನು ಸರ್. ಎಲ್ಲಾನೂ ನಾನೇ."

"ಕೊನೇಗೆ ಕೂಗಿದ ಮುದಿ ಹೇಂಟೆನೂ?"

"ಹೂಂ ಸರ್."

"ಎಲ್ಲಿ, ಇನ್ನೊಂದ್ಸಲ ಕೂಗು."

ಕೋಲ್ಬಿ ಗಂಟಲಲ್ಲಿ ಪ್ರಯತ್ನಿಸಿದ. ಬಾಗಿಲ ಸಂದಿಗೆ ಸಿಕ್ಕ ಬೆಕ್ಕಿನ ದನಿ ಬಂತು. ಬರ್ಲ್ ಮುಖ ತಿರುಗಿಸಿಕೊಂಡ. ಆದರೆ ಹುಡುಗ ಬಿಡದೆ ಇನ್ನೊಮ್ಮೆ ಕೂಗಿದ. ಡೆಲ್ಫಾಳ ಪರವಾನಗಿ ಉಳಿಸಲು ಅವನು ಒದ್ದಾಡುತ್ತಿದ್ದಾನೆಂದು ಅವಳಿಗೆ ಹೊಳೆಯಿತು. ಸಿಟ್ಟು ಬಂತು, ಸಿಟ್ಟಿನ ಜೊತೆ ಬೇರೇನೋ ಬಂತು.

"ಸಾಕು ನಿಲ್ಸೋ. ಕೂಗಿದ್ದು ನಾನು, ಟಾಲಿವರ್. ಆದ್ರೆ ಕರೆದಿದ್ದು ಕೋಳೀನಲ್ಲ, ಈ ಕತ್ತೇನ."

ಟಾಲಿವರ್ ಹಗ್ಗ ನೋಡಿದ, ಅವಳ ರಕ್ತ ಸೋರುವ ಮೊಣಕೈ ನೋಡಿದ.

"ಕತ್ತೆ ಕರೆಯೋದರ ಬಗ್ಗೆ ನನ್ನ ಕಾನೂನಲ್ಲಿ ಏನೂ ಬರೆದಿಲ್ಲ," ಎಂದ. ಕೋಲ್ಬಿಯ ಪರವಾನಗಿಯನ್ನು ಮಾತ್ರ ಇಸಿದುಕೊಂಡ. ಈ ವರ್ಷ ಅವನಿಗೆ ಬೇಟೆಯಿಲ್ಲ.

ಮರಳುವಾಗ ಮೂವರೂ ನಾಟಾ ರಸ್ತೆ ಹಿಡಿದರು. ಒಂದು ತಿರುವಿನಲ್ಲಿ ಬರ್ಲ್ ಕೈ ಅಡ್ಡ ಹಿಡಿದ. ಒದ್ದೆ ಮರಳಿನ ಮೇಲೆ ದೊಡ್ಡ ಮೂರು ಬೆರಳಿನ ಹೆಜ್ಜೆ, ಅದರ ಎರಡೂ ಪಕ್ಕ ರೆಕ್ಕೆಯ ತುದಿ ಎಳೆದ ಗೆರೆಗಳು. ಮಳೆ ನಿಂತಮೇಲೆ ಹುಂಜ ಇಲ್ಲಿಗಿಳಿದು ಗರಿ ಕೆದರಿ ಮೆರೆದಿತ್ತು. ಪಕ್ಕದಲ್ಲೇ ಬೆನ್ನೊರಗಿಸಲು ದಪ್ಪ ಓಕ್ ಮರ. ಡೆಲ್ಫಾ ಅಲ್ಲಿ ಕೂತು ನೋಡಿದಳು. ಜಾಗ ಹೇಳಿ ಮಾಡಿಸಿದಂತಿತ್ತು.

"ಆದ್ರೆ ಗೇಟಿಂದ ಈಚೆ ಗಾಡಿ ಬಿಡಲ್ಲ ಅಕ್ಕ," ಎಂದ ಬರ್ಲ್. "ಊರುಗೋಲಲ್ಲಿ ಭಾವ ಇಷ್ಟು ದೂರ..."

ಕೋಲ್ಬಿ ದೂರದಲ್ಲಿ ನಿಂತು ಹೇಳಿದ: "ನಾನು ಬರಬಹುದಿತ್ತು. ಈಗ ಕೋವಿ ಹೊರೋ ಹಾಗೇ ಇಲ್ಲ."

ಡೆಲ್ಫಾ ಅವನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದಳು. ಹೆಗಲೇನೋ ಅಗಲವಾಗಿಯೇ ಇತ್ತು.

"ಕೋವಿ ಹೊರೋಕೆ ಪರವಾನಗಿ ಬೇಕು," ಎಂದಳು. "ಮಾವನ್ನ ಹೊರೋಕೆ ಬೇಡ."