ಬಳೆ ತೊಟ್ಟ ಕೊಂಬೆ

ಡಿಸೆಂಬರ್ ಹದಿನೆಂಟು, ಬೆಳಿಗ್ಗೆ 9.10. ಅಸ್ಸಾಮಿನ ಜೋರ್ಹಾಟ್ ಬಳಿ, ಚಹಾ ತೋಟಗಳ ನಡುವಿನ ಚೆಂಗಾಜಾನ್ ಪೊಲೀಸ್ ಠಾಣೆಗೆ ಬಂದ ಕಲಾವಿದೆ ಮೈತ್ರೇಯಿ ಬರುವಾ, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕೊಂಬೆ ಕಳುವಾಗಿದೆ."

"ತೋಟದ ತುಂಬ ಕೊಂಬೆಗಳೇ ಬೈದೇವ್, ಯಾವುದನ್ನ ಹುಡುಕೋಣ?" ಕಾನ್‌ಸ್ಟೆಬಲ್ ಭದ್ರೇಶ್ವರ ಅಸ್ಸಾಮಿಯಲ್ಲಿ ಅಕ್ಕ ಎಂದು ಕರೆದು ಹಲ್ಲು ಕಿರಿದ. ಇನ್‌ಸ್ಪೆಕ್ಟರ್ ದಿಗಂತ ಫುಕನ್ ದುರುಗುಟ್ಟಿ ನೋಡಿದ ಮೇಲೆ ತೆಪ್ಪಗೆ ಪೆನ್ನು ಹಿಡಿದ.

ತೋಟದವರು ಕಿತ್ತು ಸೌದೆಗೆ ಮಾರಿದ್ದ ಹಳೆಯ ಚಹಾ ಗಿಡವೊಂದನ್ನು ಆಕೆ ಕಲಾಕೃತಿಗಾಗಿ ಬುಡಸಮೇತ ಕೊಂಡಿದ್ದರು. ನಲವತ್ತು ದಿನ ಕಡು ಚಹಾದಲ್ಲಿ ನೆನೆಸಿ, ಕಬ್ಬಿಣದ ತುಕ್ಕು ಬೆರೆಸಿ, ಕಾಡಿಗೆಯಷ್ಟು ಕಪ್ಪು ಮಾಡಿದ್ದರು. ಅದರ ಒಂದು ಕವಲಿನಲ್ಲಿ ಯಾರದೋ ಹಿತ್ತಾಳೆ ಬಳೆ. ಕೊಂಬೆ ದಪ್ಪವಾಗುತ್ತ ಅದನ್ನು ಅರ್ಧ ನುಂಗಿತ್ತು. ಆ ಕೊಂಬೆಯೇ ಮಾಯ. ಸಂಜೆ ನಾಲ್ಕಕ್ಕೆ ಲಾರಿ ದೆಹಲಿಯ ಪ್ರದರ್ಶನಕ್ಕೆ ಹೊರಡಬೇಕು.

"ಆ ಬಳೆ ಇಲ್ಲದಿದ್ರೆ ಅದು ಬರೀ ಸೌದೆ," ಎಂದರು ಮೈತ್ರೇಯಿ.

ಎಫ್‌ಐಆರ್ ದಾಖಲಾಯಿತು. 10.40ಕ್ಕೆ ಆಕೆ ಕೆಲಸ ಮಾಡುವ ಕೊಟ್ಟಿಗೆಯಲ್ಲಿ ಪಂಚನಾಮೆ. ಫುಕನ್‌ಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. ಕೊಂಬೆಯನ್ನು ಓರೆಯಾಗಿ, ಒಂದೇ ಏಟಿಗೆ ಕಡಿಯಲಾಗಿತ್ತು. ಕಡಿದ ಜಾಗಕ್ಕೆ ಮೈಲುತುತ್ತದ ನೀಲಿ ಲೇಪವನ್ನು, ಗೆರೆ ಮೂಡುವಂತೆ ಬೆರಳಿನಿಂದ, ಅಂಚಿನವರೆಗೂ ಹಚ್ಚಲಾಗಿತ್ತು.

"ಸತ್ತ ಗಿಡಕ್ಕೆ ಔಷಧಿ ಹಚ್ಚೋ ಕಳ್ಳ! ರಾಮ ರಾಮ!" ಎಂದ ಭದ್ರೇಶ್ವರ.

"ಅಭ್ಯಾಸಬಲ ಕಣೋ. ಕಡಿದ ಮೇಲೆ ಕೈ ಸುಮ್ಮನಿರಲ್ಲ. ನಡಿ ತೋಟಕ್ಕೆ."

ತೋಟದಲ್ಲಿ ಗಿಡಗಳ ತಲೆ ಕತ್ತರಿಸಿ, ಕಡಿದಲ್ಲಿ ನೀಲಿ ಔಷಧಿ ಹಚ್ಚುವ ಕೆಲಸ ನಡೆದಿತ್ತು. ಆಳುಗಳ ಸರ್ದಾರನನ್ನು ಫುಕನ್ ಬದಿಗೆ ಕರೆದ.

"ಬೆರಳಲ್ಲಿ ಔಷಧಿ ಹಚ್ಚೋರು ಯಾರು?"

"ಈಗೆಲ್ಲ ಬ್ರಷ್ಷು ಸಾಹೇಬ್, ಬಳಿದು ಓಡ್ತಾರೆ. ಜಗನ್ ತಾಂತಿ ಮುದುಕ ಒಬ್ಬನೇ, ಕೂಸಿಗೆ ಎಣ್ಣೆ ಹಚ್ಚಿದಂಗೆ ಹಚ್ತಾನೆ."

"ಎಲ್ಲಿ ಅವನು?"

"ಇವತ್ತು ಕೆಲಸಕ್ಕೆ ಬಂದಿಲ್ಲ."

1.25. ಜಗನ್ ತನ್ನ ಮನೆ ಹೊಸ್ತಿಲಲ್ಲೇ ಕುಳಿತಿದ್ದ. ಓಡಲಿಲ್ಲ. ತೊಡೆಯ ಮೇಲೆ ಹಳೆ ಸೀರೆಯಲ್ಲಿ ಸುತ್ತಿದ ಕೊಂಬೆ.

"ಕೇಳಿ ಇಸ್ಕೋಬಹುದಿತ್ತಲ್ಲ ಕಾಕಾ?"

"ಮೂರು ಸಲ ಕೇಳ್ದೆ. ಕೊಡಲ್ಲ, ಅದನ್ನ ನೋಡೋಕೇ ಜನ ಬರೋದು ಅಂದ್ರು ಆ ಬೈದೇವ್. ನಾನ್ಯಾರು ಅಂತಾನೂ ಕೇಳ್ಲಿಲ್ಲ."

"ಬಳೆ ಯಾರದು?"

"ನನ್ನ ಹೆಂಡ್ತಿ ಸುಖಮನೀದು. ಎಲೆ ಕೀಳೋವಾಗ ಅಡ್ಡ ಬರುತ್ತೆ ಅಂತ ದಿನಾ ಕವಲಿಗೆ ಸಿಕ್ಕಿಸೋಳು. ಆವತ್ತು ಜ್ವರ ಏರಿ ಅಲ್ಲೇ ಬಿದ್ಲು. ಆಸ್ಪತ್ರೆಗೆ ಹೋದೋಳು ತಿರುಗಿ ಬರ್ಲಿಲ್ಲ."

"ಆಗಲೇ ಯಾಕೆ ತೆಗೀಲಿಲ್ಲ?"

"ಅವಳು ಇಟ್ಟಿದ್ದು ಸಾಹೇಬ್, ನಾನ್ ಹೆಂಗೆ ತೆಗೀಲಿ? ಹತ್ತೊಂಬತ್ತು ವರ್ಷ ಬಳೆಗೆ ಕತ್ತಿ ತಾಗದಂಗೆ ಮೇಲಿಂದಲೇ ಕತ್ತರಿಸ್ದೆ. ಗಿಡಾನೇ ಕಿತ್ತಾಗ ನನ್ನನ್ನ ಯಾರು ಕೇಳಿದ್ರು? ಈಗ ದಿಲ್ಲಿ ಅಂತೆ. ಅಷ್ಟು ದೂರ ನಾನು ನೋಡೋಕೆ ಹೋಗೋದುಂಟಾ?"

ಫುಕನ್ ಜಾರಿದ್ದ ಸೀರೆಯನ್ನು ಬಳೆಯ ಮೇಲೆ ಮತ್ತೆ ಹೊದಿಸಿದ. ಆದರೂ ಕೊಂಬೆ ಜಪ್ತಿಯಾಯಿತು, ಜಗನ್ ಜೀಪು ಹತ್ತಿದ.

3.30ಕ್ಕೆ ಮೈತ್ರೇಯಿ ಠಾಣೆಗೆ ಧಾವಿಸಿ ಬಂದರು. "ಸಿಕ್ಕಿತಲ್ಲ, ಕೊಡಿ! ಲಾರಿ ಕಾಯ್ತಿದೆ."

"ಕೋರ್ಟಿನ ಆದೇಶ ತನ್ನಿ. ಅಲ್ಲಿವರೆಗೂ ಮುದ್ದೆಮಾಲು ಠಾಣೆ ಬಿಟ್ಟು ಕದಲಲ್ಲ."

ಕಾನೂನು ಇರುವುದೇ ಹಾಗೆ. ಆದರೆ ಅಂದು ಫುಕನ್ ಅದನ್ನು ಕೊಂಚ ಖುಷಿಯಿಂದಲೇ ಹೇಳಿದ. ಲಾರಿ ಕೊಂಬೆಯಿಲ್ಲದೆ ಹೊರಟಿತು. 4.20ಕ್ಕೆ ಬಂಧನದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಜಗನ್ ಕೇಳಿದ:

"ಕೊಂಬೆ ಎಲ್ಲಿರುತ್ತೆ ಸಾಹೇಬ್?"

"ಇಲ್ಲೇ. ಆಯಮ್ಮ ಆದೇಶ ತರದಿದ್ರೆ, ಕೇಸು ಮುಗಿಯೋವರೆಗೂ."

"ಎಷ್ಟು ದಿನ ಆಗಬಹುದು?"

"ದಿನ ಎಲ್ಲಿ ಬಂತು ಕಾಕಾ, ವರ್ಷಗಟ್ಟಲೆ ಎಳೀತಾರೆ."

ಬೆಂಚಿನ ತುದಿಯಲ್ಲಿ ಮುದುಡಿ ಕುಳಿತಿದ್ದ ಮುದುಕ ಗೋಡೆಗೆ ಒರಗಿ ಕಾಲು ಚಾಚಿದ.

"ನಿಧಾನಕ್ಕೆ ನಡೀಲಿ ಬಿಡಿ," ಎಂದ. "ನಂಗೇನೂ ಅವಸರ ಇಲ್ಲ."